ವೆರಿಫೈಡ್ ಅಂತ ಇತ್ತಲ್ಲ ಟೀಚರ್, ಆದರೂ ಹುಲ್ಲು ಯಾಕೆ ಒಣಗಿತು?

ಪ್ರಶ್ನೆ: ಕಲಬುರಗಿಯ ಜೇವರ್ಗಿ ರಸ್ತೆ ಕಡೆ ಹೊಸ ಮನೆ ಕಟ್ಟಿಸಿದ್ದೇವೆ. ಮುಂದೆ 500 ಚದರ ಅಡಿ ಜಾಗ ಉಳಿದಿದೆ. ಗಾರ್ಡನ್ ಮಾಡಿಸೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿ ನಂಬರ್ ಹಾಕಿದೆ. ಹತ್ತು ನಿಮಿಷದಲ್ಲಿ ಆರು ಫೋನ್ ಬಂದವು. ಎಲ್ಲರೂ ಲ್ಯಾಂಡ್‌ಸ್ಕೇಪರ್ ಅಂತಾರೆ. ಅವರಲ್ಲಿ ‘ವೆರಿಫೈಡ್’ ಗುರುತು ಇರುವವರಿಗೆ ಕೆಲಸ ಕೊಟ್ಟರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಪ್ರತಿ ಮಳೆಗಾಲದ ಮುಂಚೆ ಬರುತ್ತದೆ, ಪ್ರತಿ ಮೇ ತಿಂಗಳಲ್ಲಿ ಅದೇ ಜನ ‘ಹುಲ್ಲು ಒಣಗಿತು ಟೀಚರ್’ ಅಂತ ಮತ್ತೆ ಬರುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಚಟ ನಿವೃತ್ತಿ ಆದ ಮೇಲೂ ಬಿಟ್ಟಿಲ್ಲ. ಹಾಗಾಗಿ ಒಮ್ಮೆ ಬಿಡಿಸಿ ಬರೆಯುತ್ತೇನೆ. ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಆರು ಫೋನ್ ಎಲ್ಲಿಂದ ಬಂದವು ನೋಡೋಣ. ನೀವು ನಂಬರ್ ಹಾಕಿದ್ದು ಗಾರ್ಡನ್ ಮಾಡುವವರ ಹತ್ತಿರ ಅಲ್ಲ. ಗಿರಾಕಿಯ ವಿವರ ಮಾರುವ ಕಂಪನಿಯ ಹತ್ತಿರ. ಆ ವ್ಯಾಪಾರದಲ್ಲಿ ನಿಮ್ಮ ಹೆಸರು, ನಂಬರ್, ಏರಿಯಾ, ‘ಗಾರ್ಡನ್ ಬೇಕು’ ಅನ್ನುವ ಒಂದು ಸಾಲು, ಇಷ್ಟಕ್ಕೆ ‘ಲೀಡ್’ ಅಂತ ಹೆಸರು. ಗುತ್ತೇದಾರರು ದುಡ್ಡು ಕೊಟ್ಟು ಅದನ್ನು ಕೊಳ್ಳುತ್ತಾರೆ. (ಇಲ್ಲಿ ಗುತ್ತೇದಾರ ಅಂದರೆ ಕೆಲಸ ಗುತ್ತಿಗೆ ಹಿಡಿಯುವವರು. ಆ ಅಡ್ಡಹೆಸರಿನ ನಮ್ಮ ಊರಿನವರು ಸಿಟ್ಟಾಗಬಾರದು.)

ಎಪಿಎಂಸಿಗೆ ತೊಗರಿ ಒಯ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಲ್ಲಿ ಒಂದು ಚೀಲ ತೊಗರಿ ಒಬ್ಬರಿಗೇ ಮಾರಾಟ ಆಗುತ್ತದೆ. ದಲಾಲಿ ಸಿಗುವುದು ಮಾಲು ತೂಗಿ ಮಾರಾಟ ಆದ ಮೇಲೆ. ಇಲ್ಲಿ ಒಂದೇ ಚೀಲವನ್ನು ಐದು ಜನರಿಗೆ ಮಾರುತ್ತಾರೆ, ವ್ಯಾಪಾರ ಕುದುರುವ ಮೊದಲೇ ದುಡ್ಡು ತೆಗೆದುಕೊಳ್ಳುತ್ತಾರೆ. ನಾಲ್ಕು ಜನ ಬರಿಗೈಯಲ್ಲಿ ಹೋದರೂ ಕಂಪನಿಗೆ ನಷ್ಟ ಇಲ್ಲ.

ಲೆಕ್ಕಕ್ಕೆ ಅಂತ ಒಂದು ಲೀಡ್‌ಗೆ 150 ರೂಪಾಯಿ ಇಟ್ಟುಕೊಳ್ಳಿ. ಐದು ಜನ ಕೊಂಡರೆ ನಿಮ್ಮ ಒಂದು ನಂಬರಿನಿಂದ ಕಂಪನಿಗೆ 750 ರೂಪಾಯಿ. ಈಗ ಗುತ್ತೇದಾರನ ಕಡೆಯಿಂದ ನೋಡಿ. ಹತ್ತು ಲೀಡ್ ಕೊಂಡರೆ ಒಂದು ಕೆಲಸ ಕುದುರಿತು ಅನ್ನೋಣ. ಆ ಒಂದು ಕೆಲಸ ಹಿಡಿಯಲು ಅವನಿಗೆ 1500 ರೂಪಾಯಿ ಆಗಲೇ ಹೋಗಿದೆ. ಅದನ್ನು ಅವನು ಮನೆಯಿಂದ ತರುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ ಮಣ್ಣಿನ ಸಾಲಿನಲ್ಲೋ ಗೊಬ್ಬರದ ಸಾಲಿನಲ್ಲೋ ಅದು ಕೂತಿರುತ್ತದೆ.

ದುಡ್ಡಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಐದು ಜನರಿಗೆ ಒಂದೇ ನಂಬರ್ ಸಿಕ್ಕಾಗ ಗೆಲ್ಲುವವರು ಯಾರು? ಮೊದಲು ಫೋನ್ ಮಾಡಿದವರು, ಫೋನಿನಲ್ಲೇ ರೇಟು ಹೇಳಿದವರು. ‘ಚದರ ಅಡಿಗೆ ಇಷ್ಟು ಸರ, ನಾಳೆನೇ ಕೆಲಸ ಶುರು.’ ಜಾಗ ನೋಡಿಲ್ಲ. ಮಣ್ಣು ಎರೆಯೋ (ಕಪ್ಪು ಮಣ್ಣು) ಮುರುಮೋ (ಗರಸು ಮಣ್ಣು) ಗೊತ್ತಿಲ್ಲ. ಬೋರ್‌ವೆಲ್ ಇದೆಯೋ ಟ್ಯಾಂಕರೋ ಕೇಳಿಲ್ಲ. ಬಂದು ನೋಡಿ, ಗುದ್ದಲಿ ಹಾಕಿ, ಮುಟಿಗೆ ಮಣ್ಣು ಹಿಂಡಿ, ಆಮೇಲೆ ರೇಟು ಹೇಳುವ ಮನುಷ್ಯ ಈ ಓಟದಲ್ಲಿ ಹಿಂದೆ ಬೀಳುತ್ತಾನೆ.

ಇದು ನಮ್ಮ ಕಡೆಯದಷ್ಟೇ ಗೋಳು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹೋಮ್‌ಅಡ್ವೈಸರ್ ಅನ್ನುವ ದೊಡ್ಡ ಲೀಡ್ ಕಂಪನಿಯ ಮೇಲೆ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2022ರಲ್ಲಿ ದೂರು ಹಾಕಿತು. ಲೀಡ್‌ಗಳ ಗುಣಮಟ್ಟದ ಬಗ್ಗೆ, ಅವು ಎಲ್ಲಿಂದ ಬರುತ್ತವೆ ಅನ್ನುವ ಬಗ್ಗೆ ಕೆಲಸಗಾರರಿಗೆ ತಪ್ಪು ಮಾಹಿತಿ ಕೊಟ್ಟಿದೆ ಅನ್ನುವುದು ಆರೋಪ. 2023ರಲ್ಲಿ ಕಂಪನಿ 72 ಲಕ್ಷ ಡಾಲರ್‌ವರೆಗೆ ಕೊಡಬೇಕು ಅಂತ ಆದೇಶ ಆಯಿತು. ಅಲ್ಲಿ ನೊಂದವರು ಮನೆ ಮಾಲೀಕರಲ್ಲ, ದುಡ್ಡು ಕೊಟ್ಟು ಲೀಡ್ ಕೊಂಡ ಪ್ಲಂಬರ್, ಬಡಗಿ, ತೋಟದ ಕೆಲಸದವರಂಥ ಜನ. ಅದಕ್ಕೇ ನಾನು ಗುತ್ತೇದಾರರನ್ನು ಸುಮ್ನೆ ಬೈಯುವುದಿಲ್ಲ. ಹೊಸದಾಗಿ ಕೆಲಸ ಶುರು ಮಾಡಿದ ಒಳ್ಳೆಯ ಹುಡುಗರೂ ಲೀಡ್ ಕೊಳ್ಳುತ್ತಾರೆ. ಗುರುತಿನವರು ಇಲ್ಲದಿದ್ದರೆ ಇನ್ನೇನು ಮಾಡಬೇಕು?

ಈಗ ಆ ‘ವೆರಿಫೈಡ್’ ಭೂತಕ್ಕೆ ಬರೋಣ. ಎಷ್ಟು ಸಲ ಬಿಡಿಸಿದರೂ ಇದು ಬಿಡುತ್ತಿಲ್ಲ.

ವೆರಿಫೈಡ್ ಅಂದರೆ ಏನನ್ನು ನೋಡಿರುತ್ತಾರೆ? ಫೋನ್ ನಂಬರ್ ಚಾಲ್ತಿಯಲ್ಲಿದೆಯಾ, ಹೇಳಿದ ವಿಳಾಸ ಇದೆಯಾ, ಕೆಲವು ಕಡೆ ಗುರುತಿನ ಚೀಟಿ ಅಥವಾ ಜಿಎಸ್‌ಟಿ ನಂಬರ್. ಮನುಷ್ಯ ಇದ್ದಾನೆ ಅನ್ನುವುದು ಖಾತ್ರಿ. ಅವನಿಗೆ ಕೆಲಸ ಬರುತ್ತದೆ ಅನ್ನುವುದು ಅಲ್ಲ. ನನ್ನ ಆಧಾರ್ ಕಾರ್ಡ್ ಕೂಡ ಪಕ್ಕಾ ವೆರಿಫೈಡ್. ಹಾಗಂತ ನನ್ನ ಕೈಗೆ ಬಸ್ಸಿನ ಸ್ಟೀರಿಂಗ್ ಕೊಡುತ್ತೀರಾ?

‘ಜಿಎಸ್‌ಟಿ ಇದೆಯಲ್ಲ ಟೀಚರ್’ ಅಂತ ಮತ್ತೆ ವಾದ. ಜಿಎಸ್‌ಟಿ ತೆರಿಗೆಯ ವಿಷಯ. ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಇಪ್ಪತ್ತು ವರ್ಷ ಮಣ್ಣಲ್ಲಿ ಕೈ ಆಡಿಸಿದ ಮಾಲಿಗೆ ಅದು ಇರುವುದೇ ಇಲ್ಲ. ಇಲ್ಲ ಅಂತ ಅವನು ಕಳ್ಳ ಆಗಲ್ಲ.

‘ಹೋಗಲಿ, ನಕ್ಷತ್ರ? ಐದಕ್ಕೆ 4.8 ಇದೆ.’ ಬನ್ನಿ, ಇದಕ್ಕೇ ಕಾಯುತ್ತಿದ್ದೆ.

ಆ ನಕ್ಷತ್ರ ಯಾವ ತಿಂಗಳಲ್ಲಿ ಕೊಟ್ಟದ್ದು ನೋಡಿದ್ದೀರಾ? ನಮ್ಮಲ್ಲಿ ಗಾರ್ಡನ್ ಕೆಲಸ ಜಾಸ್ತಿ ನಡೆಯುವುದು ಜುಲೈ, ಆಗಸ್ಟ್‌ನಲ್ಲಿ. ಮಳೆ ಬಿದ್ದಿರುತ್ತದೆ, ಮೋಡ ಇರುತ್ತದೆ. ಆಗ ಕಲ್ಲಿನ ಸಂದಿಯಲ್ಲೂ ಹುಲ್ಲು ಹಸಿರು. ಕೆಲಸ ಮುಗಿದ ದಿನ ಯಾವ ಗಾರ್ಡನ್ ಚಂದ ಕಾಣುವುದಿಲ್ಲ ಹೇಳಿ? ಗಾರ್ಡನ್ನಿನ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ, ಬಿಸಿಲು 42, 43 ಡಿಗ್ರಿ ಇರುವಾಗ. ಪರೀಕ್ಷೆಗೆ ಒಂಬತ್ತು ತಿಂಗಳು ಮೊದಲೇ ಫಲಿತಾಂಶ ಹಾಕಿದ ಹಾಗೆ ಆ ನಕ್ಷತ್ರಗಳು.

ನಾನೂ ಬುದ್ಧಿವಂತೆ ಅಲ್ಲ ಬಿಡಿ. ಇದೇ ಹಳ್ಳಕ್ಕೆ ಬಿದ್ದೇ ಕಲಿತದ್ದು. ಮನೆ ಮುಂದೆ ಹುಲ್ಲು ಹಾಕಿಸಲು ಹೀಗೇ ಒಬ್ಬ ವೆರಿಫೈಡ್ ಗುತ್ತೇದಾರನನ್ನು ಹಿಡಿದೆ. ಆಗಸ್ಟ್ ತಿಂಗಳು. ಎರಡೇ ದಿನದಲ್ಲಿ ಚಾಪೆ ಹಾಸಿದ ಹಾಗೆ ಹುಲ್ಲು ಹಾಸಿ, ಪಕ್ಕದಲ್ಲಿ ಕಲ್ಲಿನ ದಾರಿ ಮಾಡಿ ಮುಗಿಸಿದರು. ‘ನೀವು ಬರೀ ನೀರು ಹಾಕ್ರಿ ಟೀಚರ್, ಉಳಿದದ್ದು ನಮಗ ಬಿಡ್ರಿ’ ಅಂದರು. ದುಡ್ಡು ಕೊಡುವಾಗ ಹುಡುಗನೊಬ್ಬ ನನ್ನ ಫೋನ್ ಇಸಿದುಕೊಂಡು ‘ಇಲ್ಲಿ ಒತ್ರಿ’ ಅಂದ. ಒತ್ತಿದೆ. ಐದು ನಕ್ಷತ್ರ.

ಮಾರ್ಚ್‌ಗೆ ಹುಲ್ಲು ಕಂದು ಬಣ್ಣಕ್ಕೆ ತಿರುಗಿತು. ಮೇ ತಿಂಗಳಲ್ಲಿ ನೆಲ ಬಿರಿದು ಮನೆಯ ಕೀಲಿ ಬಿದ್ದರೆ ಸಿಗದಷ್ಟು ಬಿರುಕು. ಕೆದರಿ ನೋಡಿದರೆ ಹುಲ್ಲಿನ ಕೆಳಗೆ ಎರಡು ಇಂಚು ಕೆಂಪು ಮಣ್ಣು, ಅದರ ಕೆಳಗೆ ಮನೆ ಕಟ್ಟಿದಾಗ ಉಳಿದ ಸಿಮೆಂಟು, ಇಟ್ಟಿಗೆ ಚೂರು, ಅದರ ಕೆಳಗೆ ಎರೆ. ಜೂನ್‌ನಲ್ಲಿ ಮಳೆ ಬಿದ್ದಾಗ ಎರೆ ಉಬ್ಬಿತು, ಕಲ್ಲಿನ ದಾರಿ ಹಲ್ಲು ಕಿತ್ತ ಹಾಗೆ ಮೇಲೆದ್ದಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ನನ್ನ ಐದು ನಕ್ಷತ್ರ ಮಾತ್ರ ಆ ಪುಟದಲ್ಲಿ ತುಂಬಾ ದಿನ ಹೊಳೆಯುತ್ತಿತ್ತು. ಎಷ್ಟು ಜನ ಅದನ್ನು ನಂಬಿ ಹೋದರೋ.

ಎರೆ ಮಣ್ಣಿನ ಗುಣ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಇರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ತೊಗರಿಯ ಬೇರು ಆಳಕ್ಕೆ ಇಳಿದು ಆ ತೇವ ಹುಡುಕಿಕೊಳ್ಳುತ್ತದೆ. ಮೇಲೆ ಹಾಸಿದ ಹುಲ್ಲಿನ ಚಾಪೆಗೆ ಆ ಶಕ್ತಿ ಇಲ್ಲ. ಆದ್ದರಿಂದ ಎರೆ ಮೇಲೆ ಕಲ್ಲು ಕೂರಿಸುವ ಮೊದಲು ಅಷ್ಟು ಮಣ್ಣು ತೆಗೆದು ಮುರುಮು ತುಂಬಿ ಗಟ್ಟಿ ಮಾಡಬೇಕು. ನೀರು ಹರಿದುಹೋಗಲು ದಾರಿ ಬಿಡಬೇಕು. ಫೋನಿನಲ್ಲಿ ರೇಟು ಹೇಳುವವರ ಲೆಕ್ಕದಲ್ಲಿ ಇವೆರಡೂ ಇರುವುದಿಲ್ಲ, ಹಾಗಾಗಿಯೇ ಅವರ ರೇಟು ಕಡಿಮೆ.

ಹಾಗಾದರೆ ಯಾರನ್ನು ಹಿಡಿಯಬೇಕು? ಬೆಳಿಗ್ಗೆ ನಡೆಯಲು ಹೋಗುತ್ತೀರಲ್ಲ, ಸ್ವಲ್ಪ ದಾರಿ ಬದಲಿಸಿ. ನಿಮ್ಮ ಬಡಾವಣೆಯಲ್ಲಿ ಎರಡು ವರ್ಷ ಹಳೆಯ, ಇನ್ನೂ ಜೀವ ಇರುವ ಗಾರ್ಡನ್ ಹುಡುಕಿ. ಆ ಮನೆಯವರನ್ನು ಕೇಳಿ. ಗಾರ್ಡನ್ ಹೊಗಳಿದರೆ ಚಹಾ ಕೊಡದೆ ಕಳಿಸುವ ಮನೆ ಕಲಬುರಗಿಯಲ್ಲಿ ನಾನು ನೋಡಿಲ್ಲ. ಮಾಲಿಯ ನಂಬರ್ ಅಲ್ಲೇ ಸಿಗುತ್ತದೆ. ಆನ್‌ಲೈನ್‌ನಲ್ಲಿ ಸಿಕ್ಕವರನ್ನೇ ಕರೆಸುತ್ತೀರಾದರೂ ತಪ್ಪಿಲ್ಲ, ಆದರೆ ಒಂದೇ ಮಾತು ಕೇಳಿ: ‘ಒಂದು ಬ್ಯಾಸಗಿ ದಾಟಿದ ಗಾರ್ಡನ್ ತೋರಸ್ರಿ.’ ಫೋನಿನಲ್ಲಿ ಫೋಟೋ ತೋರಿಸಿದರೆ ಬೇಡ ಅನ್ನಿ. ವಿಳಾಸ ಕೇಳಿ. ಆರು ಜನರಲ್ಲಿ ನಾಲ್ವರು ಇಲ್ಲೇ ಕಳಚಿಕೊಳ್ಳುತ್ತಾರೆ.

ಬಿಲ್ಲು ಚದರ ಅಡಿ ಲೆಕ್ಕದಲ್ಲಿ ಬೇಡ. ಮಣ್ಣು ಎಷ್ಟು, ಗೊಬ್ಬರ ಎಷ್ಟು, ಗಿಡ ಯಾವುವು, ಕೂಲಿ ಎಷ್ಟು, ಬೇರೆ ಬೇರೆ ಬರೆಸಿ. ಮಣ್ಣಿನ ಲೆಕ್ಕ ನೀವೇ ಮಾಡಬಹುದು. ಒಂದು ಬ್ರಾಸ್ ಅಂದರೆ 100 ಘನ ಅಡಿ. ನಿಮ್ಮ 500 ಚದರ ಅಡಿಗೆ ಅರ್ಧ ಅಡಿ ಮಣ್ಣು ಹಾಕಿದರೆ 250 ಘನ ಅಡಿ, ಅಂದರೆ ಎರಡೂವರೆ ಬ್ರಾಸ್. ಬಿಲ್ಲಿನಲ್ಲಿ ಐದು ಬ್ರಾಸ್ ಇದ್ದರೆ ಯಾಕೆ ಅಂತ ಕೇಳಿ. ಒಂದೇ ಬ್ರಾಸ್ ಇದ್ದರೆ ಇನ್ನೂ ಜೋರಾಗಿ ಕೇಳಿ. ದುಡ್ಡಿನಲ್ಲಿ ಐದನೇ ಒಂದು ಭಾಗ ಮುಂದಿನ ಜೂನ್‌ವರೆಗೆ ಕೈಯಲ್ಲಿ ಇಟ್ಟುಕೊಳ್ಳಿ, ಅದನ್ನು ಮೊದಲೇ ಹೇಳಿ, ಬರೆದೂ ಇಡಿ. ಕೆಲಸ ಬಲ್ಲವರು ಸ್ವಲ್ಪ ಗೊಣಗಿ ಒಪ್ಪುತ್ತಾರೆ.

ಬೀದರ್‌ನವರಿಗೆ ಒಂದು ಮಾತು. ನಿಮ್ಮದು ಬಹಳ ಕಡೆ ಕೆಂಪು ಮಣ್ಣು, ನೀರು ಬೇಗ ಬಸಿಯುತ್ತದೆ. ಈ ಬಿರುಕಿನ ಪುರಾಣ ನಿಮಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಮಾಲಿಯನ್ನು ಬೀದರ್‌ನಲ್ಲೇ ಹುಡುಕಿ.

ಫೋನ್ ಕಾಟ ನಿಲ್ಲಿಸುವುದು ಹೇಗೆ ಅಂತಲೂ ಹಲವರು ಕೇಳಿದ್ದಾರೆ. ಮೊದಲು ನೀವು ನಂಬರ್ ಹಾಕಿದ ಕಡೆಯೇ ಆ ವಿಚಾರಣೆಯನ್ನು ರದ್ದು ಮಾಡಿ, ಇಲ್ಲದಿದ್ದರೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅನ್ನುತ್ತಾರೆ. ಮಾರಾಟದ ಕರೆಗಳು ಬೇಡ ಅಂತ 1909 ನಂಬರಿಗೆ ಫೋನ್ ಮಾಡಿ ನೋಂದಾಯಿಸಿ. ದುಡ್ಡು ತೆಗೆದುಕೊಂಡು ಕೆಲಸ ಕೈಬಿಟ್ಟರೆ ಗ್ರಾಹಕ ಸಹಾಯವಾಣಿ 1915. ಅಷ್ಟೇ.

ಇನ್ನು ಯಾರೂ ಕೇಳದ ಪ್ರಶ್ನೆ. ಅಷ್ಟು ಹುಲ್ಲು ಯಾಕೆ ಬೇಕು?

500 ಚದರ ಅಡಿ ಅಂದರೆ ಸುಮಾರು 46 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಕಡಿಮೆಯೇ ಹಿಡಿಯಿರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಅಲ್ಲಿಗೆ ದಿನಕ್ಕೆ 230 ಲೀಟರ್, ತಿಂಗಳಿಗೆ ಸುಮಾರು 7000 ಲೀಟರ್. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕಾದು ಕೂರುವ ಊರಿನಲ್ಲಿ!

ಬೇಕೇ ಬೇಕು ಅಂದರೆ ಒಂದು ಚಾಪೆ ಹಾಸುವಷ್ಟು ಜಾಗಕ್ಕೆ ಹಾಕಿಸಿ. ಅದಕ್ಕೂ ‘ಬರ್ಮುಡಾ’ ಅಂತ ಫಾರಿನ್ ರೇಟು ಹೇಳಿದರೆ ಸುಮ್ನೆ ನಕ್ಕುಬಿಡಿ. ಬರ್ಮುಡಾ ಹುಲ್ಲು ಅಂದರೆ ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಲಾನ್‌ಗೆ ಅಂತ ಸಣ್ಣ ಎಲೆಯ ತಳಿಗಳನ್ನು ಆರಿಸಿದ್ದಾರೆ, ಅದು ಬೇರೆ ಮಾತು, ಕುಲ ಅದೇ. ಉಳಿದ ಜಾಗಕ್ಕೆ ಸಂದಿ ಬಿಟ್ಟು ಶಹಾಬಾದ್ ಕಲ್ಲು, ಒಂದು ಲಿಂಬೆ, ಒಂದು ನುಗ್ಗೆ, ಗೋಡೆಗೆ ಕಾಗದದ ಹೂವು. ಬೇವು ಹಾಕುವುದಾದರೆ ಗೋಡೆಯಿಂದ ದೂರ. ‘ಬೇಗ ಹಸಿರಾಗುತ್ತೆ’ ಅಂತ ಕೋನೋಕಾರ್ಪಸ್ ಗಿಡ ತಂದರೆ ವಾಪಸ್ ಕಳಿಸಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಗೊಂಚಲು ಹೂ ಬಿಡುವ ಇಕ್ಸೋರಾ ಗಿಡ ಕೂಡ ಎರೆಯಲ್ಲಿ ಸುಖವಾಗಿರುವುದಿಲ್ಲ. ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದಾಗ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನರ ಹಸಿರು ಉಳಿದು ಎಲೆ ಹಳದಿ ಆಗುತ್ತದೆ. ಜನ ಯೂರಿಯಾ ಸುರಿಯುತ್ತಾರೆ, ಅದರಿಂದ ಏನೂ ಆಗಲ್ಲ. ಕುಂಡದಲ್ಲಿ ಕೆಂಪು ಮಣ್ಣು, ಎಲೆಗೊಬ್ಬರ ಹಾಕಿ ಬೆಳೆಸಿ. ಈಗಾಗಲೇ ಹಳದಿ ಆಗಿದ್ದರೆ ಎಲೆಯ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ. ಹಗಲಲ್ಲಿ ತೆಗೆಯಿರಿ. ರಾತ್ರಿ ವರಾಂಡದ ಬಲ್ಬಿನ ಕೆಳಗೆ ತೆಗೆದರೆ ಎಲ್ಲ ಎಲೆಯೂ ಹಳದಿಯೇ.