ಭತ್ತದ ಚೀಲ ಮತ್ತು ಕಳ್ಳನ ಕೈ

ಸುಗ್ಗಿ ಬಂತೆಂದರೆ ಗಂಗಾವತಿ ಸೀಮೆಯಲ್ಲಿ ರಸ್ತೆಯೇ ಕಣ. ಕಾವಲಿಲ್ಲದ ರಾಶಿಯಿಂದ ಒಂದು ರಾತ್ರಿ ಒಂದು ಚೀಲ ಭತ್ತ ಹೋಯಿತು ಅನ್ನಿ. ಕಳ್ಳ ಸಿಕ್ಕರೆ ಕಟ್ಟೆಯ ಮೇಲೆ ಒಬ್ಬರಾದರೂ ಅನ್ನುತ್ತಾರೆ: ‘ಸೌದಿಯಲ್ಲಾಗಿದ್ದರೆ ಕೈ ಕಡೀತಿದ್ದರು ನೋಡ್ರಿ.’ ಆದರೆ ಇಸ್ಲಾಮಿ ದಂಡಶಾಸ್ತ್ರದ ಹಳೆಯ ಗ್ರಂಥಗಳ ಪ್ರಕಾರ ಈ ಕಳ್ಳನ ಕೈ ಕಡಿಯುವಂತಿಲ್ಲ.

ಕೈ ಕಡಿಯುವುದು ‘ಹದ್’, ಅಂದರೆ ಕುರಾನಿನಲ್ಲೇ ನಿಗದಿಯಾದ ಶಿಕ್ಷೆ. ಅದಕ್ಕೆ ಷರತ್ತುಗಳು ಬಹಳ. ಕದ್ದ ಮಾಲು ‘ಹಿರ್ಜ್’ನಲ್ಲಿ ಇದ್ದಿರಬೇಕು: ಬೀಗ ಹಾಕಿದ ಮನೆ, ಇಲ್ಲವೇ ಕಾವಲು. ಮಾಲೀಕ ರಾಶಿಯ ಪಕ್ಕ ಹೊರಸು ಹಾಕಿ ಮಲಗಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಮಾಲಿಗೆ ಕನಿಷ್ಠ ಬೆಲೆಯೂ ಇರಬೇಕು. ಭಾರತದಲ್ಲಿ ಹೆಚ್ಚಿನವರು ಪಾಲಿಸುವ ಹನಫಿ ಪಂಥದಲ್ಲಿ ಅದು 10 ದಿರ್ಹಮ್, ಸುಮಾರು 30 ಗ್ರಾಂ ಬೆಳ್ಳಿ. ಬೇರೆ ಪಂಥಗಳಲ್ಲಿ ಕಾಲು ದಿನಾರ್, ಒಂದು ಗ್ರಾಮಿಗಿಂತ ತುಸು ಹೆಚ್ಚು ಚಿನ್ನ. ಕಣ್ಣಾರೆ ಕಂಡ ಇಬ್ಬರು ಗಂಡಸರ ಸಾಕ್ಷಿ ಬೇಕು, ಇಲ್ಲವೇ ತಪ್ಪೊಪ್ಪಿಗೆ. ಒಪ್ಪಿದವನು ಮಾತು ಹಿಂದಕ್ಕೆ ಪಡೆದರೆ ಹದ್ ಬೀಳುವುದಿಲ್ಲ. ಮಗನ ಮಾಲು ಕದ್ದ ತಂದೆಗೆ ಇದಿಲ್ಲ. ಬೇಗ ಕೆಡುವ ತಿನಿಸಿಗೆ ಹನಫಿಗಳಲ್ಲಿ ಇಲ್ಲ. ಬರಗಾಲದಲ್ಲಿ ಖಲೀಫ ಉಮರ್ ಈ ಶಿಕ್ಷೆಯನ್ನೇ ತಡೆಹಿಡಿದರೆಂದು ಗ್ರಂಥಗಳು ಹೇಳುತ್ತವೆ. ಸಂಶಯ ಬಂದಲ್ಲಿ ಹದ್ ಬಿಡಬೇಕು ಎಂಬುದು ಶಾಸ್ತ್ರದ ಮೂಲಸೂತ್ರ. ಹಾಗೆ ಬಿಟ್ಟ ಕಳ್ಳನಿಗೆ ನ್ಯಾಯಾಧೀಶನ ವಿವೇಚನೆಯ ‘ತಾಜೀರ್’ ಶಿಕ್ಷೆ ಉಳಿಯುತ್ತದೆ.

ಗಂಗಾವತಿಯ ನೆರೆಯ ಬಳ್ಳಾರಿಗೆ ಇದು ದೂರದ ಸಂಗತಿಯೇನಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ರಾಯಚೂರು, ಕೊಪ್ಪಳ ಅವರಲ್ಲೇ ಉಳಿದವು. ಮದ್ರಾಸ್ ಪ್ರಾಂತ್ಯದ ಕಂಪನಿ ನ್ಯಾಯಾಲಯಗಳಲ್ಲಿ ಅಪರಾಧಗಳಿಗೆ ಆಧಾರವಾಗಿದ್ದದ್ದು ತಿದ್ದುಪಡಿಗೊಂಡ ಇಸ್ಲಾಮಿ ಕಾನೂನೇ. ಅದರ ಜಾಗಕ್ಕೆ ಭಾರತೀಯ ದಂಡ ಸಂಹಿತೆ ಬಂದದ್ದು 1862ರ ಜನವರಿ 1ರಂದು.

ಇನ್ನು, ಶಿಕ್ಷೆ ಉಗ್ರವಾದಷ್ಟೂ ಕಳ್ಳತನ ಇಳಿಯುತ್ತದೆಯೇ? ಇಂಗ್ಲೆಂಡಿನಲ್ಲಿ ಮನೆಯೊಳಗಿಂದ 40 ಶಿಲ್ಲಿಂಗ್ ಕದ್ದರೆ ಗಲ್ಲು ಎಂಬ ಕಾಲವಿತ್ತು. ಜ್ಯೂರಿಗಳು ಮಾಲಿನ ಬೆಲೆಯನ್ನು 39 ಶಿಲ್ಲಿಂಗ್ ಎಂದು ಬರೆದು ಜೀವ ಉಳಿಸುತ್ತಿದ್ದರು. 1808ರಲ್ಲಿ ಜೇಬುಗಳ್ಳರಿಗಿದ್ದ ಗಲ್ಲು ರದ್ದಾದ ಮೇಲೆ ಮೊಕದ್ದಮೆಗಳು ಹೆಚ್ಚಿದವು. ಕಳ್ಳ ಗಲ್ಲಿಗೇರುತ್ತಾನೆಂದು ಹೆದರಿ ದೂರು ಕೊಡದೆ ಇದ್ದವರು ಮುಂದೆ ಬಂದರು ಎಂಬುದು ಒಂದು ವಿವರಣೆ. ಪಾಕಿಸ್ತಾನದಲ್ಲಿ 1979ರಿಂದ ಕೈ ಕಡಿಯುವ ಕಾನೂನಿದೆ, ಕೋರ್ಟಿನ ತೀರ್ಪಿನಂತೆ ಒಂದು ಕೈಯೂ ಕಡಿದಿಲ್ಲ. ಶಿಕ್ಷೆ ಭಾರವಾದಂತೆಲ್ಲ ಸಾಕ್ಷಿ, ದೂರುದಾರ, ನ್ಯಾಯಾಧೀಶ ಮೂವರೂ ಹಿಂಜರಿಯುತ್ತಾರೆ. ಕಳ್ಳನನ್ನು ತಡೆಯುವುದು ಸಿಕ್ಕಿಬೀಳುವ ಭಯವೇ ಹೊರತು ಕಾನೂನು ಪುಸ್ತಕದ ಅಂಕಿಯಲ್ಲ ಎಂಬುದು ಅಪರಾಧಶಾಸ್ತ್ರಜ್ಞರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಸೌದಿಯನ್ನೂ ನಮ್ಮನ್ನೂ ಸುಮ್ಮನೆ ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ಸಾಬೀತಾಗದು: ಆದಾಯ, ಪೊಲೀಸ್, ದೂರು ದಾಖಲಿಸುವ ರೀತಿ ಎಲ್ಲವೂ ಬೇರೆ.

ನಮ್ಮ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ 5000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಒಂದು ಚೀಲ ಭತ್ತ ಇದರೊಳಗೇ ಬರುತ್ತದೆ. ಆದರೆ ಅಲ್ಲಿಯವರೆಗೆ ಪ್ರಕರಣ ಉಳಿಯಬೇಕಲ್ಲ! ರಾತ್ರಿ ಚೀಲ ಎಣಿಸಿಟ್ಟಿರಬೇಕು, ಅಂದೇ ದೂರು ಕೊಡಬೇಕು, ಪಕ್ಕದ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ತೆಗೆದಿಡಬೇಕು, ಪಂಚನಾಮೆಗೆ ಸಹಿ ಹಾಕಿದವರು ಎರಡು ವರ್ಷ ಬಿಟ್ಟು ಕರೆದರೂ ಬಂದು ಸಾಕ್ಷಿ ಹೇಳಬೇಕು.