ಹಿಮಾಚಲಕ್ಕೆ ಬರುವ ಮುಂಚೆ ಒಂದು ನದಿ ಆರಿಸಿಕೊಳ್ಳಿ

ಶಿಮ್ಲಾ, ಮನಾಲಿ, ಧರ್ಮಶಾಲಾ, ಡಾಲ್‌ಹೌಸಿ, ಜೊತೆಗೆ ಸ್ಪಿತಿ ಕೂಡ. ರಜೆ ಏಳು ದಿನ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ನನಗೆ ಬರುವ ಪಟ್ಟಿಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಕುಲ್ಲು ಕಣಿವೆಯಲ್ಲಿ ಮನೆ ಮಾಡಿಕೊಂಡು, ಪ್ರವಾಸ ಏರ್ಪಡಿಸುವುದನ್ನೇ ಕಸುಬು ಮಾಡಿಕೊಂಡವನು ನಾನು. ಪಟ್ಟಿ ಬಂದ ಕೂಡಲೇ ಅರ್ಧಕ್ಕರ್ಧ ಹೊಡೆದುಹಾಕುತ್ತೇನೆ. ಒಂದಿಬ್ಬರು ಮುನಿಸಿಕೊಂಡು ಬೇರೆಯವರ ಹತ್ತಿರ ಹೋಗುವುದೂ ಉಂಟು. ಹೋಗಲಿ.

ಇಲ್ಲಿ ಊರುಗಳ ಲೆಕ್ಕ ಬಿಟ್ಟು ನದಿಗಳ ಲೆಕ್ಕ ಹಿಡಿಯಬೇಕು. ಸಟ್ಲೆಜ್ ಹಿಡಿದು ಹೋದರೆ ರಾಮಪುರ, ಕಿನ್ನೌರ್, ಅಲ್ಲಿಂದ ಮೇಲೆ ಸ್ಪಿತಿ. ಬಿಯಾಸ್ ಹಿಡಿದರೆ ಮಂಡಿ, ಕುಲ್ಲು, ಮನಾಲಿ. ರಾವಿಯ ದಡದಲ್ಲಿ ಚಂಬಾ. ಚಂದ್ರಾ, ಭಾಗಾ ಎರಡೂ ತಾಂಡಿಯಲ್ಲಿ ಸೇರಿ ಚೀನಾಬ್ ಆಗುತ್ತವೆ, ಅದು ಲಾಹೌಲ್. ಒಂದು ಕಣಿವೆಯೊಳಗೆ ಓಡಾಡುವುದು ಸುಲಭ. ಕಣಿವೆ ದಾಟಿ ಇನ್ನೊಂದಕ್ಕೆ ಹೋಗುವುದರಲ್ಲೇ ದಿನ ಮುಗಿಯುತ್ತದೆ. ಶಿಮ್ಲಾದಿಂದ ಡಾಲ್‌ಹೌಸಿ ನಕ್ಷೆಯಲ್ಲಿ ಅಂಗೈಯಗಲ ಕಾಣುತ್ತದೆ, ಆದರೆ ಬೆಳಿಗ್ಗೆ ಹೊರಟವರು ಕತ್ತಲಾದ ಮೇಲೇ ಇಳಿಯುವುದು. ಒಂದು ವಾರಕ್ಕೆ ಒಂದು ನದಿ ಸಾಕು.

ಕಿಲೋಮೀಟರನ್ನೂ ನಂಬಬೇಡಿ. ಮನಾಲಿಯಿಂದ ಸ್ಪಿತಿಯ ಕಾಜಾ ಸುಮಾರು 200 ಕಿ.ಮೀ. ನಮ್ಮೂರ ಹೆದ್ದಾರಿಯಲ್ಲಿ ಅದು ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗಿನ ದಾರಿ. ಇಲ್ಲಿ ಒಂಬತ್ತು ಗಂಟೆಯೂ ಆಗಬಹುದು, ಹನ್ನೆರಡೂ ಆಗಬಹುದು. ಗ್ರಾಂಫೂ ದಾಟಿದ ಮೇಲೆ ಬಾತಲ್‌ವರೆಗೆ ರಸ್ತೆ ಅಂದರೆ ಬಹುಪಾಲು ಕಲ್ಲು. ನಡುನಡುವೆ ನಾಲಾಗಳು, ಅಂದರೆ ಬೆಟ್ಟದ ತೊರೆಗಳು, ರಸ್ತೆಯ ಮೇಲೇ ಹರಿಯುತ್ತವೆ. ಬೆಳಿಗ್ಗೆ ಏಳಕ್ಕೆ ಅಲ್ಲಿ ನಿಂತರೆ ನೀರು ಟೈರಿನ ಅರ್ಧಕ್ಕೂ ಬರುವುದಿಲ್ಲ, ತಳದ ಕಲ್ಲು ಕಾಣುತ್ತದೆ. ರಾತ್ರಿಯ ಚಳಿಗೆ ಮೇಲಿನ ಹಿಮ ಕರಗುವುದು ನಿಂತಿರುತ್ತದೆ. ಬಿಸಿಲೇರಿದಂತೆ ನೀರೂ ಏರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅದೇ ಜಾಗದಲ್ಲಿ ನೀರು ಮಣ್ಣುಬಣ್ಣಕ್ಕೆ ತಿರುಗಿ, ಒಳಗೆ ಕಲ್ಲುಗಳು ಉರುಳುವ ಸದ್ದು ಕೇಳುತ್ತದೆ. ನಮ್ಮ ಡ್ರೈವರ್‌ಗಳು ಬೆಳಿಗ್ಗೆ ಐದಕ್ಕೇ ಹೊರಡೋಣ ಎಂದು ಹಟ ಹಿಡಿಯುವುದು ಇದಕ್ಕೇ. ನಿದ್ದೆ ಕೆಡುತ್ತದೆ ಅಂತ ಅವರ ಜೊತೆ ಸುಮ್ನೆ ಜಗಳ ಆಡಬೇಡಿ.

ಈಗ ಎತ್ತರದ ವಿಷಯ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಮನಾಲಿ ಪೇಟೆಯೇ 2,000 ಮೀಟರ್‌ಗಿಂತ ಮೇಲಿದೆ! ನಮ್ಮ ನಾಡಿನ ತುತ್ತತುದಿ ಮುಗಿದ ಮೇಲೆ ಇಲ್ಲಿ ಬಸ್‌ಸ್ಟ್ಯಾಂಡ್ ಶುರುವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆಯಿತು. ರೋಹ್ತಾಂಗ್ ಘಾಟಿಯ ಕೆಳಗೆ 9 ಕಿ.ಮೀ. ಉದ್ದ. ಲಾಹೌಲ್‌ನವರಿಗೆ ಅದು ವರವೇ ಸರಿ. ಮುಂಚೆ ಚಳಿಗಾಲದಲ್ಲಿ ಕಾಯಿಲೆ ಬಿದ್ದವರನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಿತ್ತು. ಆದರೆ ಪ್ರವಾಸಿಗರ ಮಟ್ಟಿಗೆ ಒಂದು ಎಡವಟ್ಟು ಆಗಿದೆ. ನಿನ್ನೆ ಬೆಂಗಳೂರಲ್ಲಿದ್ದವರು ಇವತ್ತು ಮನಾಲಿ, ನಾಳೆ ಸುರಂಗ ದಾಟಿ 4,200 ಮೀಟರ್ ಮೇಲಿರುವ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಮಲಗುತ್ತಾರೆ. ಅಷ್ಟು ಎತ್ತರದ ತೆಳು ಗಾಳಿಗೆ ಮೈ ಒಗ್ಗಿರುವುದಿಲ್ಲ. ಮಧ್ಯರಾತ್ರಿ ತಲೆ ಸಿಡಿಯುತ್ತದೆ, ವಾಂತಿ, ಹತ್ತಿರದಲ್ಲಿ ಡಾಕ್ಟರಿಲ್ಲ.

ಹಗಲು ಎಷ್ಟು ಎತ್ತರ ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಅದಕ್ಕೇ ಸ್ಪಿತಿಗೆ ಹೋಗುವವರನ್ನು ನಾನು ಮನಾಲಿಯಿಂದ ಕಳಿಸುವುದಿಲ್ಲ, ಶಿಮ್ಲಾ ಕಡೆಯಿಂದ ಕಳಿಸುತ್ತೇನೆ. ಶಿಮ್ಲಾ 2,200, ಆಮೇಲೆ ಸರಾಹನ್ ಹೆಚ್ಚುಕಡಿಮೆ ಅಷ್ಟೇ, ಸಾಂಗ್ಲಾ 2,700ರ ಆಸುಪಾಸು, ಕಲ್ಪಾ 2,900, ತಾಬೋ 3,300, ಕಾಜಾ 3,700. ಭೂಮಿಯೇ ಮೆಟ್ಟಿಲು ಕಟ್ಟಿಕೊಟ್ಟಿದೆ, ಅಲ್ವಾ? ತಾಬೋದಲ್ಲಿ ಕ್ರಿ.ಶ. 996ರಲ್ಲಿ ಕಟ್ಟಿದ ಬೌದ್ಧ ವಿಹಾರವಿದೆ. ಹೊರಗಿಂದ ಬರೀ ಮಣ್ಣಿನ ಗೋಡೆ, ಒಳಗೆ ಹೋದರೆ ಗೋಡೆ ತುಂಬ ಚಿತ್ರ. ಟಾರ್ಚ್ ಒಯ್ಯಿರಿ, ಫೋಟೋ ತೆಗೆಯುವಂತಿಲ್ಲ. ಕಾಜಾದಲ್ಲಿ ಎರಡು ರಾತ್ರಿ ಕಳೆದು, ಕುಂಜುಮ್ ಘಾಟಿ ದಾಟಿ ಮನಾಲಿಗೆ ಇಳಿಯಿರಿ. ಈ ಸುತ್ತಿಗೆ ಹತ್ತು ದಿನ ಬೇಕು. ಅಷ್ಟು ರಜೆ ಇಲ್ಲದಿದ್ದರೆ ಕಲ್ಪಾ, ಛಿತ್ಕುಲ್ ನೋಡಿ ವಾಪಸ್ ಬನ್ನಿ, ಕಳೆದುಕೊಂಡಿದ್ದು ಏನೂ ಇಲ್ಲ. ತಲೆನೋವು ಏರುತ್ತಾ ಹೋದರೆ, ನಡಿಗೆ ತೂರಾಡಿದರೆ ಕೆಳಗಿಳಿಯುವುದೊಂದೇ ಮದ್ದು. ಮಾತ್ರೆ ವಿಷಯ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನೇ ಕೇಳಿ.

ಕುಂಜುಮ್ ಜೂನ್ ಹೊತ್ತಿಗೆ ತೆರೆದು, ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಹಾಗಾಗಿ ಏಪ್ರಿಲ್-ಮೇ ಬೇಸಿಗೆ ರಜೆಗೆ ಬರುವವರಿಗೆ ಈ ಸುತ್ತು ಸಿಗುವುದಿಲ್ಲ. ಅವರು ಕಿನ್ನೌರ್ ದಾರಿಯಲ್ಲೇ ಹೋಗಿ ಬರಬೇಕು. ಏಪ್ರಿಲ್‌ನಲ್ಲಿ ಸೇಬಿನ ಗಿಡ ಹೂ ಬಿಟ್ಟಿರುತ್ತದೆ, ಅದೇನು ಕಡಿಮೆಯಲ್ಲ. ಮೇ ಕೊನೆಯಿಂದ ಜೂನ್‌ವರೆಗೆ ಮನಾಲಿ, ಶಿಮ್ಲಾದಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಂತಿರುತ್ತವೆ. ಆಗ ಆ ಎರಡರ ಕಡೆ ತಲೆಹಾಕಬೇಡಿ.

ಜುಲೈ, ಆಗಸ್ಟ್ ಬೇಡವೇ ಬೇಡ. ಸ್ಪಿತಿಯಲ್ಲಿ ಮಳೆ ಕಡಿಮೆ, ಬರ್ತೀವಿ ಅಂತ ಕೆಲವರು ವಾದಿಸುತ್ತಾರೆ. ಮಾತು ಸರಿ. ಆದರೆ ಸ್ಪಿತಿಗೆ ಹೋಗುವ ದಾರಿಯಲ್ಲಿ ಮಳೆ ಇದೆಯಲ್ಲ! 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಮನಾಲಿ ಹೆದ್ದಾರಿಯನ್ನು ಅಲ್ಲಲ್ಲಿ ಬುಡಸಮೇತ ಕೊಚ್ಚಿಕೊಂಡು ಹೋಯಿತು, ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಬಿದ್ದರು. ಹೋಟೆಲ್ ಆರಿಸುವಾಗ ‘ನದಿಯ ಪಕ್ಕದಲ್ಲೇ’ ಎಂದು ಬರೆದಿದ್ದರೆ ನಾನು ಅದನ್ನು ಪಟ್ಟಿಯಿಂದ ತೆಗೆಯುತ್ತೇನೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಪೂರ್ತಿ ಆಕಾಶ ತೊಳೆದಿಟ್ಟಂತಿರುತ್ತದೆ. ನಿಮ್ಮ ದಸರಾ ರಜೆಗೆ ಸರಿಯಾಗಿ ಹೊಂದುತ್ತದೆ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ನಾನು ತೀರ್ಥನ್ ಕಣಿವೆ ಹೇಳುತ್ತೇನೆ. ಎತ್ತರ ಕಡಿಮೆ, ಕಾಡು ದಟ್ಟ, ನೀರು ತಿಳಿ. 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್‌ನ ಹೆಬ್ಬಾಗಿಲು ಅದು. ಬಂಜಾರ್‌ನಿಂದ ಸ್ವಲ್ಪ ಮೇಲೆ, ಚೈಹಣಿ ಹಳ್ಳಿಯಲ್ಲಿ ಒಂದು ಹಳೆಯ ಗೋಪುರ ಮನೆ ಇದೆ. ಒಂದು ಸಾಲು ದೇವದಾರು ತೊಲೆ, ಒಂದು ಸಾಲು ಕಲ್ಲು, ಮತ್ತೆ ತೊಲೆ. ಸಿಮೆಂಟಿಲ್ಲ. ಮೂಲೆಗಳಲ್ಲಿ ತೊಲೆಗಳೇ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಕಾಠ್‌ಕುಣಿ ಎನ್ನುತ್ತಾರೆ. ನೆಲ ನಡುಗಿದರೆ ಗೋಡೆ ಬಿರಿಯುವ ಬದಲು ಅಲುಗಾಡಿ ಸುಮ್ಮನಾಗುತ್ತದೆ. ಹೊಸ ಕಾಂಕ್ರೀಟ್ ಹೋಟೆಲುಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಂದಹಾಗೆ, ಬಂಜಾರ್ ಕಣಿವೆಯ ದೇವರು ಶೃಂಗ ಋಷಿ. ನಮ್ಮ ಶೃಂಗೇರಿ ಪಕ್ಕದ ಕಿಗ್ಗದ ಋಷ್ಯಶೃಂಗನೇ! ಮಲೆನಾಡಿನವರಿಗೆ ಇದನ್ನು ಹೇಳಿದರೆ ಆ ಗುಡಿಯ ಮುಂದಿಂದ ಕದಲುವುದೇ ಇಲ್ಲ. ಇಲ್ಲಿನ ಗುಡಿಗಳಿಗೆ ಚರ್ಮದ ಬೆಲ್ಟ್, ಪರ್ಸ್ ಒಯ್ಯಬೇಡಿ. ಕೆಲವೆಡೆ ಹೊರಗಿನವರು ಅಂಗಳಕ್ಕೂ ಕಾಲಿಡುವಂತಿಲ್ಲ. ಮೊದಲು ಕೇಳಿ.

ಅನ್ನ ಸಿಗಲ್ಲ ಅನ್ನುವ ಭಯ ಬೇಡ. ಕಾಂಗ್ಡಾ, ಮಂಡಿ, ಕುಲ್ಲು ಕಡೆ ಮದುವೆಯೂಟ ಅಂದರೆ ಧಾಮ್, ಸಾಲಾಗಿ ನೆಲದ ಮೇಲೆ ಕೂತು ಎಲೆಯಲ್ಲಿ ಅನ್ನವನ್ನೇ ಉಣ್ಣುವುದು. ಢಾಬಾಗಳಲ್ಲಿ ರಾಜ್ಮಾ-ಅನ್ನ ಎಲ್ಲೆಲ್ಲೂ ಇದೆ. ಕಾಜಾದಲ್ಲಿ ಮಾತ್ರ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಅಕ್ಕಿ ಬೇಯಲು ಕುಕ್ಕರೇ ಬೇಕು. ಅನ್ನ ತಡವಾದರೆ ಅಡುಗೆಯವರನ್ನು ಬೈಯಬೇಡಿ.

ಉಳಿದದ್ದು ಚಿಕ್ಕಪುಟ್ಟದ್ದು. ಗಾಡಿಯಲ್ಲಿ ರೋಹ್ತಾಂಗ್ ಮೇಲಕ್ಕೆ ಹೋಗಲು ಪರ್ಮಿಟ್ ಬೇಕು, ಮಂಗಳವಾರ ಬಿಡುವುದಿಲ್ಲ. ಸುರಂಗದಲ್ಲಿ ಹೋಗುವವರಿಗೆ ಅದು ಬೇಡ. ಸ್ಪಿತಿಗೆ ಹೋಗುವಾಗ ನಗದು ಇಟ್ಟುಕೊಳ್ಳಿ, ಎಟಿಎಂನಲ್ಲಿ ಹಣ ಖಾಲಿಯಾಗಿರುತ್ತದೆ, ನೆಟ್‌ವರ್ಕ್ ಇಲ್ಲದೆ ಯುಪಿಐ ಕೈಕೊಡುತ್ತದೆ. ಮನಾಲಿ-ಕಾಜಾ ನಡುವೆ ಪೆಟ್ರೋಲ್ ಬಂಕ್ ಇಲ್ಲ. ಕಾಲ್ಕಾ-ಶಿಮ್ಲಾ ರೈಲು, 96 ಕಿ.ಮೀ., 1903ರದ್ದು, ಒಂದು ಕಡೆಗೆ ಮಾತ್ರ ಹತ್ತಿ. ಎರಡು ಕಡೆಗೂ ಆದರೆ ಬೇಸರ ಬರುತ್ತದೆ.

ಇನ್ನೊಂದು. ಮೈಸೂರಿನಲ್ಲಿ ಜಂಬೂಸವಾರಿ ಮುಗಿಯುವ ವಿಜಯದಶಮಿಯ ದಿನವೇ ಕುಲ್ಲು ದಸರಾ ಶುರುವಾಗುತ್ತದೆ. ಏಳು ದಿನ ನಡೆಯುತ್ತದೆ. ರಘುನಾಥನ ರಥೋತ್ಸವಕ್ಕೆ ಸುತ್ತಲಿನ ಹಳ್ಳಿಗಳಿಂದ ಇನ್ನೂರಕ್ಕೂ ಹೆಚ್ಚು ದೇವತೆಗಳು ಪಲ್ಲಕ್ಕಿಯಲ್ಲಿ ಢಾಲ್‌ಪುರ ಮೈದಾನಕ್ಕೆ ಬರುತ್ತವೆ. ಅಂದರೆ ಮೈಸೂರಿನದ್ದನ್ನು ನೋಡಿಕೊಂಡೇ ಇಲ್ಲಿಗೆ ಬರಬಹುದು. ಕುಲ್ಲು ಪೇಟೆಯಲ್ಲಿ ಆ ವಾರ ರೂಮು ಸಿಗುವುದು ಕಷ್ಟ. ನಗ್ಗರ್ ಅಥವಾ ಭುಂತರ್‌ನಲ್ಲಿ ಹಿಡಿಯಿರಿ, ಅಲ್ಲಿಂದ ಬಸ್ ಇದೆ.