ಹಳೇ ಡೇ ಲಿಲಿ ಹೂ ಬಿಡುತ್ತಿಲ್ಲ, ಬುಡ ಬಿಡಿಸಿ ನೆಡಬಹುದೇ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ನೆಟ್ಟ ಡೇ ಲಿಲಿ ಮೊದಮೊದಲು ಮೈತುಂಬ ಹೂ ಬಿಡುತ್ತಿತ್ತು. ಈಗ ಬರೀ ಎಲೆ. ಪೊದೆಯ ನಡುಭಾಗ ಬೋಳಾಗಿದೆ. ಗೊಬ್ಬರ ಕೊಟ್ಟರೂ ಪ್ರಯೋಜನವಿಲ್ಲ. ಕಿತ್ತು ಬಿಡಿಸಿ ನೆಟ್ಟರೆ ಗಿಡ ಸತ್ತುಹೋಗುವುದಿಲ್ಲವೇ?

ಉತ್ತರ: ಸಾಯುವುದಿಲ್ಲ. ಡೇ ಲಿಲಿಯಷ್ಟು ಗಟ್ಟಿ ಜೀವ ಬಹುವಾರ್ಷಿಕ ಹೂಗಿಡಗಳಲ್ಲಿ ಕಡಿಮೆ. ಪ್ರತಿ ವರ್ಷ ಹೊಸ ಹಿಳ್ಳುಗಳು, ಅಂದರೆ ಬುಡದಿಂದ ಒಡೆಯುವ ಮರಿಗಳು, ಪೊದೆಯ ಹೊರ ಅಂಚಿನಲ್ಲೇ ಬರುತ್ತವೆ. ಒಳಗಿನ ಹಳೇ ಬುಡಗಳು ಬೆಳಕು, ನೀರು, ಜಾಗ ಸಾಲದೆ ಸೊರಗುತ್ತವೆ. ಮೂರರಿಂದ ಐದು ವರ್ಷಕ್ಕೊಮ್ಮೆ ಬಿಡಿಸಿದರೆ ಹೂ ಮರಳಿ ಬರುತ್ತದೆ. ಆದರೆ ಗುದ್ದಲಿ ಹಿಡಿಯುವ ಮುನ್ನ ಒಮ್ಮೆ ಮೇಲೆ ನೋಡಿ. ಪಕ್ಕದ ಮರ ಬೆಳೆದು ನೆರಳು ಕವಿದಿದ್ದರೆ ಬಿಡಿಸಿಯೂ ಫಲವಿಲ್ಲ, ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗಕ್ಕೆ ಸಾಗಿಸಬೇಕು.

ಈ ಕೆಲಸಕ್ಕೆ ಹೂ ಮುಗಿದ ಮೇಲಿನ ತಂಪು ದಿನಗಳೇ ಸರಿ. ಮೊಗ್ಗು ಬಂದಾಗ, ಕಡುಬಿಸಿಲಿನಲ್ಲಿ ಬೇಡ. ಹಿಮ ಬೀಳುವ ಕಡೆ ನೆಲ ಹೆಪ್ಪುಗಟ್ಟಲು ಇನ್ನೂ ಆರು ವಾರ ಇರುವಾಗಲೇ ಮುಗಿಸಿ.

ಹಿಂದಿನ ದಿನ ನೀರು ಕೊಟ್ಟು ಮಣ್ಣು ಮೆತ್ತಗಾಗಿಸಿ. ಎಲೆಗಳನ್ನು 15 ಸೆಂ.ಮೀ. ಉಳಿಸಿ ಕತ್ತರಿಸಿ. ಪೊದೆಯ ಅಂಚಿನಿಂದ 15 ಸೆಂ.ಮೀ. ಬಿಟ್ಟು ಸುತ್ತಲೂ ಸಲಿಕೆ ಇಳಿಸಿ, ಅಡಿಯಿಂದ ಮೀಟಿ ಇಡೀ ಬುಡ ಎತ್ತಿ. ಬೇರಿನ ಮಣ್ಣನ್ನು ಪೈಪಿನ ನೀರಿನಿಂದ ತೊಳೆಯಿರಿ. ಇದನ್ನು ಬಿಟ್ಟವರು ಎಲ್ಲಿ ಬೇರ್ಪಡಿಸಬೇಕೆಂದು ಕಾಣದೆ ಸಿಕ್ಕಲ್ಲಿ ಕೊಚ್ಚುತ್ತಾರೆ. ತೊಳೆದ ಮೇಲೆ ಎಲ್ಲ ಸ್ಪಷ್ಟ: ಬೀಸಣಿಗೆಯಂತೆ ಹರಡಿದ ಎಲೆಗಳ ಒಂದೊಂದು ಹಿಳ್ಳು, ಅದರ ಕೆಳಗೆ ದಪ್ಪನೆಯ ಬಿಳಿ ಬೇರುಗಳು, ಕೆಲವು ಪುಟ್ಟ ಗೆಣಸಿನಂತೆ ಉಬ್ಬಿರುತ್ತವೆ. ಆ ಉಬ್ಬಿನಲ್ಲೇ ನೀರು, ಆಹಾರ ಕೂಡಿಟ್ಟಿರುವುದು, ಮುರಿಯದಂತೆ ನೋಡಿಕೊಳ್ಳಿ. ಎರಡು ಹಿಳ್ಳನ್ನು ಬುಡದಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದರೆ ತಾವಾಗಿ ಬಿಡುತ್ತವೆ. ಬಿಡದಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಚಾಕು ಬಳಸಿ.

ಒಂದು ತುಂಡಿಗೆ ಎರಡು ಮೂರು ಹಿಳ್ಳು ಇರಲಿ. ಒಂಟಿ ಹಿಳ್ಳೂ ಬದುಕುತ್ತದೆ, ಹೂವಿಗೆ ಮಾತ್ರ ಇನ್ನೊಂದು ವರ್ಷ ಕಾಯಬೇಕಾದೀತು. ಮೆತ್ತಗಾದ, ಕಂದುಬಣ್ಣಕ್ಕೆ ತಿರುಗಿದ ನಡುಭಾಗವನ್ನು ಎಸೆಯಿರಿ. ಕಿತ್ತ ಬೇರನ್ನು ಬಿಸಿಲಿಗೆ ಒಡ್ಡಬೇಡಿ, ಒದ್ದೆ ಗೋಣಿ ಮುಚ್ಚಿಡಿ.

ಹೆಚ್ಚು ಜನ ಎಡವುವುದು ನೆಡುವ ಆಳದಲ್ಲಿ. ಎಲೆಯ ಬುಡದಲ್ಲಿ ಹಸಿರು ಮುಗಿದು ಬಿಳಿ ಶುರುವಾಗುವ ಗೆರೆ ಇದೆಯಲ್ಲ, ಹಿಂದೆ ಮಣ್ಣಿನ ಮಟ್ಟ ಇದ್ದದ್ದು ಅಲ್ಲಿಗೆ. ಈಗಲೂ ಅಲ್ಲಿಗೇ ನಿಲ್ಲಿಸಿ. ಎಲೆಯೂ ಬೇರೂ ಕೂಡುವ ಭಾಗ ಮಣ್ಣಿನಡಿ 2–3 ಸೆಂ.ಮೀ. ಮಾತ್ರ ಇರಬೇಕು. ಆಳವಾದರೆ ಕೊಳೆ ಬರಬಹುದು, ಇಲ್ಲವೇ ವರ್ಷಗಟ್ಟಲೆ ಹೂವಿಲ್ಲ. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಬೇರುಗಳನ್ನು ಅದರ ಮೇಲೆ ಇಳಿಬಿಟ್ಟು ಮುಚ್ಚಿ. ಗಿಡಗಳ ನಡುವೆ 45 ಸೆಂ.ಮೀ. ಅಂತರ ಸಾಕು.

ನೆಟ್ಟ ಮೊದಲ ವಾರ ಎಲೆ ಬಾಡಿದರೆ ಗಾಬರಿ ಬೇಡ. ನೀರು ಹೀರುವ ಕೂದಲಿನಷ್ಟು ತೆಳು ಬೇರುಗಳು ಕೀಳುವಾಗ ಹರಿದಿರುತ್ತವೆ. ಹಾಗಾಗಿ ಮಣ್ಣು ಒದ್ದೆಯಿದ್ದರೂ ಎಲೆ ಜೋತುಬೀಳುತ್ತದೆ. ಎಲೆ ಕಡಿಮೆಯಿದ್ದಷ್ಟೂ ನೀರಿನ ಬೇಡಿಕೆ ಕಡಿಮೆ, ಎಲೆ ಕತ್ತರಿಸಲು ಹೇಳಿದ್ದೂ ಇದಕ್ಕೇ. ಬಾಡಿತೆಂದು ಮತ್ತೆ ಮತ್ತೆ ನೀರು ಸುರಿದರೆ ಗಾಯವಾದ ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಗಣ್ಣು ಇಳಿಸಿ ನೋಡಿ, ತೇವ ಆರಿದ್ದರೆ ಮಾತ್ರ ನೀರು ಕೊಡಿ.

ಇದೇ ಕ್ರಮ ಎಲ್ಲ ಗಿಡಕ್ಕೂ ಹೊಂದದು. ಕಾಬಾಳೆ ಗಡ್ಡೆಯನ್ನು ಎರಡು ಮೂರು ಕಣ್ಣು ಉಳಿಸಿ ಕತ್ತರಿಸಬಹುದು. ಸೇವಂತಿಗೆಯಲ್ಲಿ ಅಂಚಿನ ಎಳೆ ಹಿಳ್ಳುಗಳನ್ನಷ್ಟೇ ತೆಗೆದುಕೊಳ್ಳಿ. ದಳದ ಮೇಲೆ ಗಡ್ಡದಂಥ ರೋಮವಿರುವ ಐರಿಸ್‌ನ ಗಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣುವಂತಿರಬೇಕು. ಲ್ಯೂಪಿನ್‌ನಂತೆ ಆಳಕ್ಕಿಳಿಯುವ ತಾಯಿಬೇರಿನ ಗಿಡಗಳನ್ನು ಮುಟ್ಟಬೇಡಿ, ಅವನ್ನು ಬೀಜದಿಂದ ಬೆಳೆಸುವುದೇ ಮೇಲು.

ಕತ್ತರಿಸಿದ ಎಲೆಗಳ ನಡುವಿನಿಂದ ಎಳೆ ಹಸಿರು ಎಲೆ ಮೇಲೆದ್ದರೆ ಬೇರು ಹಿಡಿಯಿತೆಂದು ತಿಳಿಯಿರಿ, ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಗೊಬ್ಬರ ಅಲ್ಲಿಯವರೆಗೆ ಬೇಡ.